ರೋಮನ್ನು ಕಾಯ್ದ ದಂಡನಾಯಕನ ಅಂತ್ಯ

ಕ್ರಿ.ಶ. 395ರ ಜನವರಿಯಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಮಿಲಾನ್ ನಗರದಲ್ಲಿ ಕಣ್ಮುಚ್ಚಿದಾಗ ರೋಮನ್ ಸಾಮ್ರಾಜ್ಯವು ಅವನ ಇಬ್ಬರು ಪುತ್ರರ ಪಾಲಾಯಿತು. ಪೂರ್ವಭಾಗವು ಅರ್ಕೇಡಿಯಸನಿಗೂ ಪಶ್ಚಿಮಭಾಗವು ಹತ್ತು ವರ್ಷದ ಬಾಲಕ ಹೊನೋರಿಯಸನಿಗೂ ದೊರೆತವು. ಆ ಬಾಲಕನ ಹೆಸರಿನಲ್ಲಿ ಹದಿಮೂರು ವರ್ಷಗಳ ಕಾಲ ಪಶ್ಚಿಮವನ್ನು ಕಾಯ್ದವನೇ ದಂಡನಾಯಕ ಸ್ಟಿಲಿಕೊ.

ಅವನ ತಂದೆ ವ್ಯಾಂಡಲ್ ಜನಾಂಗದವನು. ತಾಯಿ ರೋಮನ್ ಮಹಿಳೆ. ಥಿಯೊಡೋಸಿಯಸನು ತನ್ನ ಸೋದರನ ಮಗಳು ಸೆರೇನಾಳನ್ನು ಅವನಿಗೆ ವಿವಾಹ ಮಾಡಿಕೊಟ್ಟಿದ್ದನು. ಆದರೂ ವಿರೋಧಿಗಳ ಕಣ್ಣಿಗೆ ಅವನು ಕೊನೆಯವರೆಗೂ 'ಬರ್ಬರ'ನಾಗಿಯೇ ಉಳಿದನು.

401ರಲ್ಲಿ ಗಾಥರ ನಾಯಕ ಅಲಾರಿಕನು ಇಟಲಿಗೆ ನುಗ್ಗಿದನು. ಸ್ಟಿಲಿಕೊ ರೈನ್ ನದಿಯ ಗಡಿಯಿಂದ ಪಡೆಗಳನ್ನು ಕರೆಸಿ, 402ರ ಪಾಸ್ಖ ಹಬ್ಬದಂದು ಪೊಲ್ಲೆಂಷಿಯದಲ್ಲಿ ಅವನ ಪಾಳೆಯವನ್ನು ವಶಪಡಿಸಿಕೊಂಡನು. ಪುನರುತ್ಥಾನದ ಪವಿತ್ರ ದಿನದಂದು ರಕ್ತ ಹರಿಸಿದ್ದನ್ನು ಯಾಜಕ ಒರೋಸಿಯಸನು ಮುಂದೆ ತನ್ನ ಇತಿಹಾಸಗ್ರಂಥದಲ್ಲಿ ಖಂಡಿಸಿದನು. 406ರಲ್ಲಿ ರದಗೈಸಸನ ಮಹಾದಂಡು ಫ್ಲಾರೆನ್ಸ್ ಸಮೀಪದ ಫಿಯೆಸೊಲೆಯಲ್ಲಿ ಸ್ಟಿಲಿಕೊನ ಕೈಯಲ್ಲಿ ನಾಶವಾಯಿತು. ಆದರೆ ಇಟಲಿ ಉಳಿಯುವಷ್ಟರಲ್ಲಿ ರೈನ್ ಗಡಿಯ ಕಾವಲು ಸಡಿಲಗೊಂಡಿತ್ತು. ಪರಂಪರಾಗತ ಎಣಿಕೆಯಂತೆ ಅದೇ ವರ್ಷದ ಕೊನೆಯ ದಿನ ವ್ಯಾಂಡಲರು, ಅಲಾನರು ಮತ್ತು ಸ್ವೇಬಿಯರು ನದಿಯನ್ನು ದಾಟಿ ಗಾಲ್ ಪ್ರಾಂತವನ್ನು ಹೊಕ್ಕರು.

408ರಲ್ಲಿ ಅಲಾರಿಕನು 4,000 ಪೌಂಡ್ ಚಿನ್ನವನ್ನು ಕೇಳಿದನು. ಕೊಟ್ಟು ಶಾಂತಿಯನ್ನು ಕೊಳ್ಳುವುದೇ ಲೇಸೆಂದು ಸ್ಟಿಲಿಕೊ ಸೆನೆಟ್ ಸಭೆಯನ್ನು ಒಪ್ಪಿಸಿದನು. ಇದೇ ಅವನಿಗೆ ಮುಳುವಾಯಿತು. ಸ್ಟಿಲಿಕೊ ತನ್ನ ಮಗನಿಗೆ ಸಿಂಹಾಸನವನ್ನು ದೊರಕಿಸಲು ಹವಣಿಸುತ್ತಿದ್ದಾನೆಂದು ಒಲಿಂಪಿಯಸ್ ಎಂಬ ಅಧಿಕಾರಿ ಚಾಡಿ ಹೇಳಿದನು. ಆಗಸ್ಟ್ 13ರಂದು ಇಂದಿನ ಪಾವಿಯದಲ್ಲಿ ಸೈನಿಕರು ದಂಗೆಯೆದ್ದು ಅವನ ಆಪ್ತರನ್ನು ಕೊಂದರು.

ಸ್ಟಿಲಿಕೊ ರಾವೆನ್ನಾಕ್ಕೆ ಬಂದು ರಾತ್ರಿ ಕ್ರೈಸ್ತ ದೇವಾಲಯವೊಂದರಲ್ಲಿ ಆಶ್ರಯ ಪಡೆದನು. ಬೆಳಗಾದಾಗ ಬಂದ ಸೈನಿಕರು, ಬಂಧಿಸಲು ಮಾತ್ರ ಅಪ್ಪಣೆಯಿದೆ, ಕೊಲ್ಲಲು ಅಲ್ಲ ಎಂದು ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ಆಣೆಯಿಟ್ಟರು. ಅವನು ಹೊರಬಂದೊಡನೆ ಮರಣದಂಡನೆಯ ಎರಡನೆಯ ಪತ್ರವನ್ನು ತೆರೆದರು! ಅವನ ಅನುಚರರು ಬಿಡಿಸಿಕೊಳ್ಳಲು ಮುನ್ನುಗ್ಗಿದಾಗ ಅವನೇ ಅವರನ್ನು ತಡೆದು ಖಡ್ಗಕ್ಕೆ ಕೊರಳೊಡ್ಡಿದನು. ಅಂದು ಆಗಸ್ಟ್ 22.

ಬಳಿಕ ಇಟಲಿಯ ನಗರಗಳಲ್ಲಿ ಬರ್ಬರ ಸೈನಿಕರ ಮಡದಿ ಮಕ್ಕಳ ಹತ್ಯೆ ನಡೆಯಿತು. ನೊಂದ 30,000ಕ್ಕೂ ಮಿಕ್ಕಿದ ಯೋಧರು ಅಲಾರಿಕನನ್ನು ಸೇರಿದರೆಂದು ಇತಿಹಾಸಕಾರ ಝೋಸಿಮಸ್ ಬರೆಯುತ್ತಾನೆ. ಎರಡು ವರ್ಷಗಳ ನಂತರ, 410ರ ಆಗಸ್ಟ್ 24ರಂದು, ರೋಮ್ ಸೂರೆಹೋಯಿತು. ಆ ಆಘಾತಕ್ಕೆ ಉತ್ತರವಾಗಿಯೇ ಸಂತ ಅಗಸ್ಟೀನರು 'ದೇವನಗರ' ಕುರಿತ 22 ಸಂಪುಟಗಳ ಮಹಾಗ್ರಂಥವನ್ನು ರಚಿಸಿದರು.

ಸ್ಟಿಲಿಕೊ ದೋಷರಹಿತನಲ್ಲ. ಆದರೂ ಅವನು ಹಣಕ್ಕಾಗಿ ಪದವಿಗಳನ್ನು ಮಾರಲಿಲ್ಲ, ಸೈನಿಕರ ವೇತನವನ್ನು ಕಬಳಿಸಲಿಲ್ಲವೆಂಬುದು ಅದೇ ಝೋಸಿಮಸನ ಸಾಕ್ಷ್ಯ. ದೇವರ ಮನೆಯಲ್ಲಿ ಇಟ್ಟ ಆಣೆಯನ್ನು ಅದರ ಹೊಸ್ತಿಲ ಹೊರಗೆ ಮುರಿದ ರಾಜ್ಯವು ತನ್ನ ಕೋಟೆಯ ಬಾಗಿಲನ್ನು ತಾನೇ ತೆರೆದಂತಾಯಿತು.