ಚಾರ್ಜ್ ಆಗುವಾಗ ಬ್ಯಾಟರಿಯೊಳಗೆ ಅರೆವಾಹಕವೇ ಲೋಹದಂತಾಗುತ್ತೆ! ಏನಿದು ವಿಜ್ಞಾನ, ಹೈದರಾಬಾದ್‌ಗೇನು ಸಂಬಂಧ?

ಹೈದರಾಬಾದ್: ಪೂರ್ತಿ ಖಾಲಿಯಾದ ಮೊಬೈಲನ್ನು ಚಾರ್ಜಿಗೆ ಹಾಕಿದಾಗ ಅದರ ಬ್ಯಾಟರಿಯೊಳಗೆ ಒಂದು ಅಚ್ಚರಿ ನಡೆಯುತ್ತದೆ. ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ಕಪ್ಪು ಪುಡಿಯೊಂದು, ಚಾರ್ಜ್ ಏರುತ್ತಿದ್ದಂತೆ ಲೋಹದ ಗುಣ ಪಡೆಯುತ್ತದೆ. ಅಗ್ಗದ, ಸುರಕ್ಷಿತ ಬ್ಯಾಟರಿಯ ಹುಡುಕಾಟಕ್ಕೂ ಇದಕ್ಕೂ ನಂಟಿದೆ.

ಪದರಗಳ ನಡುವೆ ಏನು ನಡೆಯುತ್ತದೆ?

ಬಹುತೇಕ ಮೊಬೈಲ್ ಬ್ಯಾಟರಿಗಳ ಪ್ಲಸ್ ಬದಿಯಲ್ಲಿರುವುದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. 1980ರಲ್ಲಿ ಇದನ್ನು ಬ್ಯಾಟರಿಗೆ ತಂದ ತಂಡದ ಜಾನ್ ಗುಡ್‌ಇನಫ್, 2019ರ ರಸಾಯನಶಾಸ್ತ್ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ಈ ವಸ್ತುವಿನಲ್ಲಿ ಚಿರೋಟಿಯ ಎಳೆಗಳಂತೆ ಕೋಬಾಲ್ಟ್-ಆಮ್ಲಜನಕದ ಪದರಗಳಿದ್ದು, ನಡುವೆ ಲಿಥಿಯಂ ಅಯಾನುಗಳು ಕುಳಿತಿರುತ್ತವೆ. ಅವು ಪದರಗಳ ನಡುವೆ ಸೇರಿಕೊಳ್ಳುವ ಕ್ರಿಯೆಯೇ ಇಂಟರ್‌ಕಲೇಶನ್.

ಚಾರ್ಜ್ ಮಾಡಿದಾಗ ಲಿಥಿಯಂ ಹೊರಬರುತ್ತದೆ. ಪ್ರತಿ ಅಯಾನಿಗೆ ಒಂದರಂತೆ ಎಲೆಕ್ಟ್ರಾನ್ ಕೂಡ ಪದರ ಬಿಟ್ಟು ಹೋಗುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಯಾರೂ ಅಲುಗಾಡಲಾಗದು. ಕೆಲವರು ಇಳಿದರೆ ಉಳಿದವರು ಸರಿದಾಡಬಹುದು. ಇಲ್ಲೂ ಹಾಗೆಯೇ, ಉಳಿದ ಎಲೆಕ್ಟ್ರಾನ್‌ಗಳಿಗೆ ಓಡಾಡಲು ಜಾಗ ಸಿಗುತ್ತದೆ.

ಒಮ್ಮೆಲೇ ಬದಲಾಗುತ್ತದೆಯೇ?

ಇಲ್ಲ. ಶೇ 6ರಷ್ಟು ಲಿಥಿಯಂ ಹೊರಬಂದಾಗ ಅಲ್ಲಲ್ಲಿ ಲೋಹದಂಥ ಭಾಗಗಳು ಮೂಡುತ್ತವೆ. ಸುಮಾರು ಶೇ 25ರಷ್ಟು ಹೊರಬರುವ ಹೊತ್ತಿಗೆ ಇಡೀ ವಸ್ತು ಬದಲಾಗಿರುತ್ತದೆ. ಈ ನಡುವೆ ಎರಡೂ ಸ್ಥಿತಿಗಳು ಒಟ್ಟಿಗಿರುತ್ತವೆ. ಐಸ್ ಕರಗುವಾಗ ತಾಪಮಾನ ಸೊನ್ನೆಯಲ್ಲೇ ನಿಲ್ಲುವಂತೆ, ಇಲ್ಲಿ ವೋಲ್ಟೇಜ್ ಸುಮಾರು 3.9ರಲ್ಲಿ ನಿಲ್ಲುತ್ತದೆ.

ಆದರೆ ಇದಕ್ಕೊಂದು ಮಿತಿಯಿದೆ. ಅರ್ಧಕ್ಕಿಂತ ಹೆಚ್ಚು ಲಿಥಿಯಂ ತೆಗೆಯುತ್ತಾ ಹೋದರೆ ಪದರಗಳ ರಚನೆ ಹದಗೆಡುತ್ತದೆ, ಬಿಸಿಯಾದಾಗ ಆಮ್ಲಜನಕ ಬಿಡುಗಡೆಯಾಗುವ ಅಪಾಯವೂ ಇದೆ. ಹಾಗಾಗಿಯೇ ಚಾರ್ಜಿಂಗ್‌ಗೆ ವೋಲ್ಟೇಜ್ ಮಿತಿ ಹಾಕಲಾಗುತ್ತದೆ.

ಹೈದರಾಬಾದ್‌ನಲ್ಲಿ ನಡೆದಿರುವುದೇನು?

ಕೋಬಾಲ್ಟ್ ದುಬಾರಿ. ವಿಶ್ವದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಾಂಗೋ ಗಣಿಗಳಿಂದ. ಅದರ ಬದಲು ಕಬ್ಬಿಣ, ರಂಜಕ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಅಗ್ಗ, ಬಿಸಿಯಾದರೂ ಹೆಚ್ಚು ಸುರಕ್ಷಿತ. ಆದರೆ ಅದರಲ್ಲಿ ಇಂಥ ಪದರಗಳಿಲ್ಲ. ಲಿಥಿಯಂ ಹೊರಬಂದರೂ ಅದು ಲೋಹದಂತಾಗುವುದಿಲ್ಲ, ವಿದ್ಯುತ್ ಹರಿಸಲು ಹಿಂದೇಟು ಹಾಕುತ್ತದೆ.

ಪರಿಹಾರವೆಂದರೆ ಪ್ರತಿ ಕಣಕ್ಕೂ ಇಂಗಾಲದ ತೆಳು ಲೇಪನ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಹೈದರಾಬಾದ್‌ನ ಬಾಲಾಪುರದಲ್ಲಿರುವ ಎಆರ್‌ಸಿಐ ಸಂಸ್ಥೆ, ಪುಡಿ ತಯಾರಾಗುವಾಗಲೇ ಈ ಲೇಪನವೂ ಆಗುವ ವಿಧಾನವನ್ನು ಅಭಿವೃದ್ಧಿಪಡಿಸಿದೆ. ಕೋಬಾಲ್ಟ್ ಆಕ್ಸೈಡ್‌ಗೆ ತಾನಾಗಿಯೇ ಬರುವ ಗುಣವನ್ನು ಕಬ್ಬಿಣದ ಪುಡಿಗೆ ಹೊರಗಿನಿಂದ ತೊಡಿಸುವ ಕೆಲಸವಿದು. ಎಲೆಕ್ಟ್ರಿಕ್ ವಾಹನದ ಬ್ಯಾಟರಿ ದೇಶದಲ್ಲೇ ಅಗ್ಗವಾಗಿ ತಯಾರಾಗಬೇಕಾದರೆ ಇಂಥ ವಿಧಾನಗಳು ಬೇಕೇ ಬೇಕು.