ಒಂದೇ ನಾಯಕಿ, ಎರಡು ತೀರ್ಪು

1927ರಲ್ಲಿ ಫಾಕ್ಸ್ ಕಂಪನಿ ಎರಡು ಮೂಕಿ ಪ್ರೇಮಚಿತ್ರಗಳನ್ನು ತೆರೆಗೆ ತಂದಿತು: ಫ್ರ್ಯಾಂಕ್ ಬೋರ್ಜೇಗಿಯ ‘ಸೆವೆಂತ್ ಹೆವನ್’, ಎಫ್.ಡಬ್ಲ್ಯು. ಮುರ್ನೌನ ‘ಸನ್‌ರೈಸ್’. ಎರಡಕ್ಕೂ ಜಾನೆಟ್ ಗೇನರ್ ನಾಯಕಿ. ಸಿನಿಪ್ರಿಯರ ಜನಪ್ರಿಯ ಮಾಸಿಕ ‘ಫೋಟೊಪ್ಲೇ’ಯ ಓದುಗರು ಆ ವರ್ಷದ ಚಿನ್ನದ ಪದಕ ಕೊಟ್ಟದ್ದು ಮೊದಲನೆಯದಕ್ಕೆ. ಎರಡನೆಯದನ್ನು ಅದೇ ಪತ್ರಿಕೆ, ಕ್ಯಾಮೆರಾ ಕೈಚಳಕವೇನೋ ಸರಿ, ಕಥೆಯೆಲ್ಲಿ ಎಂಬ ಧಾಟಿಯಲ್ಲಿ ಬದಿಗೆ ಸರಿಸಿತು. ಆದರೆ 1958ರಲ್ಲಿ ಫ್ರಾನ್ಸಿನ ‘ಕಯೇ ದು ಸಿನೆಮಾ’ ಪತ್ರಿಕೆ ತನ್ನ ಶ್ರೇಷ್ಠ ಚಿತ್ರಗಳ ಪಟ್ಟಿಯ ಮೊದಲ ಸ್ಥಾನದಲ್ಲಿಟ್ಟದ್ದು ‘ಸನ್‌ರೈಸ್’ ಅನ್ನೇ. ಹಾಗಾದರೆ ಅಂದಿನ ಪತ್ರಿಕೆಗಳು ಎಡವಿದವೇ?

ಜಾಹೀರಾತಿನ ಹಂಗಿನಲ್ಲಿದ್ದ ಪತ್ರಿಕೆಗಳ ಮಾತಿಗೇನು ಬೆಲೆ ಎಂದು ಕೇಳುವವರಿದ್ದಾರೆ. ಹಂಗು ಇದ್ದದ್ದು ನಿಜ. ಆದರೆ ಇಲ್ಲಿ ಎರಡೂ ಚಿತ್ರಗಳ ಧಣಿ ಒಬ್ಬನೇ. ಹಂಗೇ ತೀರ್ಪು ಬರೆದಿದ್ದರೆ ಹಣ ಸುರಿದು ಭಾರೀ ನಗರದ ಸೆಟ್ ಕಟ್ಟಿಸಿದ್ದ ‘ಸನ್‌ರೈಸ್’ಗೂ ಹೊಗಳಿಕೆ ಸಿಗಬೇಕಿತ್ತು. ಇನ್ನು, ಪತ್ರಿಕೆಗಳೆಲ್ಲ ಒಂದೇ ರಾಗ ಹಾಡಲೂ ಇಲ್ಲ. ‘ಲೈಫ್’ ವಾರಪತ್ರಿಕೆಯಲ್ಲಿ ರಾಬರ್ಟ್ ಶೆರ್‌ವುಡ್, ಸಿನಿಮಾ ಚರಿತ್ರೆಯಲ್ಲೇ ಇದಕ್ಕಿಂತ ಮುಖ್ಯವಾದುದಿಲ್ಲ ಎಂದು ಮುರ್ನೌ ಚಿತ್ರವನ್ನು ಎತ್ತಿ ಹಿಡಿದರು. ‘ಎಕ್ಸಿಬಿಟರ್ಸ್ ಹೆರಾಲ್ಡ್’ನಂಥ ವ್ಯಾಪಾರಿ ಪತ್ರಿಕೆಗೆ ಚಿತ್ರಮಂದಿರದ ಮಾಲೀಕರು ಬರೆಯುತ್ತಿದ್ದುದು ಗಲ್ಲಾಪೆಟ್ಟಿಗೆಯ ಲೆಕ್ಕ. ಒಂದೊಂದು ಪತ್ರಿಕೆಯೂ ತನ್ನ ಓದುಗನ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು. ‘ಸೆವೆಂತ್ ಹೆವನ್’ನಲ್ಲಿ ಪ್ಯಾರಿಸ್ಸಿನ ಚರಂಡಿ ಕೆಲಸಗಾರ ಚೀಕೊ, ಬೀದಿಪಾಲಾದ ಡಯಾನ್‌ಳನ್ನು ಏಳನೇ ಮಹಡಿಯ ತನ್ನ ಕೋಣೆಗೆ ಕರೆದೊಯ್ಯುವಾಗ ಕ್ಯಾಮೆರಾ ಅವರೊಂದಿಗೆ ಮಹಡಿ ಮಹಡಿಯಾಗಿ ಏರುತ್ತದೆ. ಮುರ್ನೌನಲ್ಲಿ ಗಂಡ–ಹೆಂಡತಿಗೆ ಹೆಸರೇ ಇಲ್ಲ. ಟ್ರಾಮಿನ ಕಿಟಕಿಯಾಚೆ ಕಾಡು ಸರಿದು ನಗರ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಎರಡರಲ್ಲೂ ಚಲಿಸುತ್ತದೆ. ಆದರೆ ಹೆಸರು, ಊರು, ಕಸುಬು ಇರುವ ಜೋಡಿಗಾಗಿ ಮರುಗುವುದು ‘ಫೋಟೊಪ್ಲೇ’ ಓದುಗರಿಗೆ ಸುಲಭವಿತ್ತು.

ಕಾಲವೇ ಕೊನೆಯ ನ್ಯಾಯಾಧೀಶ ಎಂಬ ವಾದವೂ ಪೂರ್ತಿ ನಿಲ್ಲದು. 1958ರ ತೀರ್ಪುಗಾರರು ನಿರ್ದೇಶಕನ ಕೈಬರಹ ಹುಡುಕುತ್ತಿದ್ದ ವಿಮರ್ಶಕರು. ಅವರದೂ ಒಂದು ಪಕ್ಷವೇ. 1929ರ ಮೊದಲ ಅಕಾಡೆಮಿ ಪ್ರಶಸ್ತಿಯಲ್ಲಿ ಚಿತ್ರೋದ್ಯಮವೇ ಈ ಅಳತೆಗೋಲುಗಳನ್ನು ಬೇರೆಬೇರೆಯಾಗಿ ಹಿಡಿಯಿತು: ಭಾವಪ್ರಧಾನ ಚಿತ್ರದ ನಿರ್ದೇಶನಕ್ಕೆ ಬೋರ್ಜೇಗಿ, ಅನನ್ಯ ಕಲಾಕೃತಿಯೆಂದು ‘ಸನ್‌ರೈಸ್’. ಹಳೆಯ ವಿಮರ್ಶೆಗೆ ಸರಿ–ತಪ್ಪಿನ ಅಂಕ ಕೊಟ್ಟರೆ ನಮ್ಮ ಜಾಣತನ ಮೆರೆದೀತು, ಅಷ್ಟೆ. ಅದನ್ನು ಯಾರಿಗಾಗಿ ಬರೆದರು ಎಂದು ಕೇಳಿದರೆ, ಅಂದಿನ ಪ್ರೇಕ್ಷಕ ಟಿಕೆಟ್ ಕೊಂಡು ಏನನ್ನು ಬಯಸಿ ಕೂತಿದ್ದನೆಂಬುದು ತಿಳಿಯುತ್ತದೆ.