ಸಿಂಗಪುರಕ್ಕೆ ಹೊರಟ ಹಿರಿಯರ ಆರೋಗ್ಯ

ನೆಂಟರ ಮನೆಗೆ ಹೋಗುವುದೆಂದರೆ ಹಿಂದೆ ನಮಗೆ ಗುಬ್ಬಿ, ಕುಣಿಗಲ್, ಶಿರಾ ಕಡೆಯ ಒಂದು ದಿನದ ಪಯಣವಾಗಿತ್ತು. ಈಗ ವಸಂತನರಸಾಪುರದ ಸುತ್ತಲಿನ ಮನೆಗಳ ಮಕ್ಕಳೂ ಓದಿ, ಉದ್ಯೋಗವನ್ನರಸಿ ಕಡಲಾಚೆ ನೆಲೆಸುತ್ತಿದ್ದಾರೆ. ಅವರಲ್ಲಿ ಕೆಲವರು ಭೂಮಧ್ಯರೇಖೆಯ ಪಕ್ಕದ ಪುಟ್ಟ ದ್ವೀಪವಾದ ಸಿಂಗಪುರದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ, ಮೊಮ್ಮಕ್ಕಳನ್ನು ನೋಡಲೆಂದು ಅಜ್ಜ, ಬೀಗರ ಮನೆಯ ಶುಭಕಾರ್ಯಕ್ಕೆಂದು ಚಿಕ್ಕಪ್ಪ-ಚಿಕ್ಕಮ್ಮಂದಿರು ಅಲ್ಲಿಗೆ ಹೋಗಿ ವಾರಗಟ್ಟಲೆ ಉಳಿಯುತ್ತಾರೆ. ಹೀಗೆ ಹೋಗುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ನಿತ್ಯ ಮಾತ್ರೆ ಸೇವಿಸುವವರು. ಅವರ ಆರೋಗ್ಯದ ಕುರಿತು ಕೆಲವು ಮಾತುಗಳನ್ನು ಸದ್ಭಕ್ತರ ಮುಂದಿಡಲು ಬಯಸುತ್ತೇವೆ.

ಮೊದಲನೆಯದು ಸೆಕೆ. ಸಿಂಗಪುರದ ಹಗಲಿನ ಉಷ್ಣತೆ ಸಾಮಾನ್ಯವಾಗಿ 31ರಿಂದ 33 ಡಿಗ್ರಿ. ಏಪ್ರಿಲ್ ತಿಂಗಳ ನಮ್ಮ ಬಿಸಿಲನ್ನು ಕಂಡವರಿಗೆ ಈ ಅಂಕಿ ದೊಡ್ಡದೆನಿಸದು. ಆದರೆ ಅಂಕಿಯೊಂದನ್ನೇ ನಂಬಬಾರದು. ನಮ್ಮದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಒಣನಾಡು. ಇಲ್ಲಿ ಬೆವರು ಬೇಗನೆ ಆರಿ ಮೈ ತಂಪಾಗುತ್ತದೆ. ಅಲ್ಲಿಯ ಗಾಳಿಯಲ್ಲಿ ತೇವಾಂಶ ಸರಾಸರಿ ಶೇಕಡ 80ರಷ್ಟಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ; ಮೈಯ ಬಿಸಿ ಇಳಿಯುವುದಿಲ್ಲ. ವರ್ಷವಿಡೀ ಇದೇ ಹವೆ, ರಾತ್ರಿಯೂ ಹೆಚ್ಚು ತಂಪಿಲ್ಲ. ಇದಕ್ಕೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹೋದ ಮರುದಿನವೇ ಊರು ಸುತ್ತಲು ಹೊರಡದೆ, ಮೊದಲ ದಿನಗಳಲ್ಲಿ ನಡುಹಗಲು ಮನೆಯಲ್ಲಿರುವುದು ಲೇಸು. ಗಡಿಯಾರದಂತೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7ರ ಸುಮಾರಿಗೆ. ಆದ್ದರಿಂದ 7ರಿಂದ 8ರವರೆಗಿನ ನಡಿಗೆ ಹಿತಕರ. ತಲೆಸುತ್ತು, ವಾಕರಿಕೆ, ಅತಿಯಾದ ಆಯಾಸ ಕಂಡರೆ ತಕ್ಷಣ ನೆರಳಿಗೆ ಬಂದು ನೀರು ಕುಡಿಯಬೇಕು. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಆಂಬುಲೆನ್ಸ್ ಕರೆಯಬೇಕು. ಅಲ್ಲಿಯ ಸಂಖ್ಯೆ 995. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು, ಹೃದಯ ಇಲ್ಲವೇ ಮೂತ್ರಪಿಂಡದ ತೊಂದರೆಯಿರುವವರು ದಿನಕ್ಕೆಷ್ಟು ನೀರು ಕುಡಿಯಬೇಕೆಂಬುದನ್ನು ಹೊರಡುವ ಮುನ್ನ ತಮ್ಮ ವೈದ್ಯರಿಂದಲೇ ತಿಳಿದುಕೊಳ್ಳಬೇಕು.

ಎರಡನೆಯದು ಔಷಧ ಮತ್ತು ಊಟದ ವೇಳೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನಮ್ಮ ರಾತ್ರಿ 8 ಗಂಟೆಯೆಂದರೆ ಅಲ್ಲಿ 10.30. ಇನ್ಸುಲಿನ್ ತೆಗೆದುಕೊಳ್ಳುವವರು ಈ ಬದಲಾವಣೆಗೆ ವೈದ್ಯರಿಂದ ವೇಳಾಪಟ್ಟಿ ಬರೆಸಿಕೊಳ್ಳಬೇಕು. ಇದಕ್ಕಿಂತ ದೊಡ್ಡ ಅಪಾಯ ಮಮತೆಯಿಂದ ಬರುತ್ತದೆ. ಮಗ-ಸೊಸೆ ಕೆಲಸದಿಂದ ಬರಲಿ, ಒಟ್ಟಿಗೆ ಉಣ್ಣೋಣವೆಂದು ಹಿರಿಯರು ಕಾಯುತ್ತಾರೆ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ವೇಳೆಗೆ ತೆಗೆದುಕೊಂಡು ಊಟ ತಡವಾದರೆ ರಕ್ತದ ಸಕ್ಕರೆ ಕುಸಿಯುತ್ತದೆ: ಕೈನಡುಕ, ತಣ್ಣನೆಯ ಬೆವರು, ಮಂಕು. ಆ ಬೆವರನ್ನು ಸೆಕೆಯದೆಂದು ತಿಳಿದು ಸುಮ್ಮನಿದ್ದರೆ ಪ್ರಾಣಕ್ಕೇ ಸಂಚಕಾರ. ಅಂತಹ ವೇಳೆ ಕೂಡಲೇ ಸಕ್ಕರೆ ನೀರು ಕುಡಿದು, ಬಳಿಕ ಊಟ ಮಾಡಬೇಕು. ಇದಕ್ಕೆ ವಿರುದ್ಧವಾದ ತೊಂದರೆ ಅಲ್ಲಿಯ ಕಾಫಿಯಿಂದ ಬರುತ್ತದೆ. ಅಂಗಡಿಗಳಲ್ಲಿ ‘ಕೋಪಿ’ ಎಂದು ಕೇಳಿದರೆ ಸಿಹಿಗಟ್ಟಿ ಹಾಲಿನ ಕಾಫಿ ಕೊಡುತ್ತಾರೆ. ‘ಕೋಪಿ ಸಿ ಕೊಸೊಂಗ್’ ಎಂದರೆ ಸಕ್ಕರೆಯಿಲ್ಲದ ಹಾಲಿನ ಕಾಫಿ. ಲಿಟಲ್ ಇಂಡಿಯಾದ ಅಂಗಡಿಗಳಲ್ಲಿ ರಾಗಿಹಿಟ್ಟು ದೊರೆಯುವುದರಿಂದ ಮುದ್ದೆಯ ಪಥ್ಯವನ್ನು ಬಿಡಬೇಕಾಗಿಲ್ಲ.

ಮೂರನೆಯದು ಗಂಟುಮೂಟೆ. ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಬೇಕು. ವಿಮಾನದ ಸರಕಿನ ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಸ್ವಂತ ಬಳಕೆಯ ಔಷಧಕ್ಕೆ ಮೂರು ತಿಂಗಳ ಮಿತಿಯಿದೆ. ಕೆಲವು ನಿದ್ದೆ ಮಾತ್ರೆಗಳಿಗೆ, ಕೊಡೀನ್ ಬೆರೆತ ಕೆಮ್ಮಿನ ಔಷಧಕ್ಕೆ ಮುಂಗಡ ಅನುಮತಿ ಬೇಕಾಗಬಹುದು. ಮಕ್ಕಳಿಗೆ ಪಟ್ಟಿ ಕಳುಹಿಸಿ ವಿಚಾರಿಸುವುದು ಒಳಿತು. ಬಾಣಂತಿಗೆ ಪಾಯಸ ಮಾಡಲೆಂದು ಗಸಗಸೆ ಕಟ್ಟಿಕೊಳ್ಳಲೇಬಾರದು. ಅದರಲ್ಲಿ ಮಾರ್ಫಿನ್ ಅಂಶವಿರಬಹುದೆಂದು ಅಲ್ಲಿಯ ಮಾದಕವಸ್ತು ಕಾನೂನು ಅದನ್ನು ಬಿಗಿಯಾಗಿ ನಿರ್ಬಂಧಿಸಿದೆ. ಎಲೆಅಡಿಕೆಯೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪಿಗೂ ನಿಷೇಧವಿದೆ. ಅದನ್ನು ಶಾಶ್ವತವಾಗಿ ಬಿಡಲು ಇದೊಂದು ಸುಸಮಯ. ಬೆಂಗಳೂರಿನಿಂದ ಹಾರಾಟ ನಾಲ್ಕೂವರೆ ಗಂಟೆಯಷ್ಟು. ಅಷ್ಟು ಹೊತ್ತು ಕಾಲಾಡಿಸದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ನಾಲ್ಕನೆಯದು ಡೆಂಗಿ. ಸ್ವಚ್ಛತೆಗೆ ಹೆಸರಾದ ಆ ದ್ವೀಪದಲ್ಲಿಯೂ 2020ರಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿಗೆ ಡೆಂಗಿ ತಗುಲಿತು. ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಹೂದಾನಿ, ಕುಂಡದ ತಟ್ಟೆಗಳಲ್ಲಿ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಒಮ್ಮೆ ಡೆಂಗಿ ಬಂದವರಿಗೆ ಅದರ ಇನ್ನೊಂದು ಬಗೆ ತಗುಲಿದರೆ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು. ತುಂಬುತೋಳಿನ ಉಡುಪು, ಸೊಳ್ಳೆ ನಿವಾರಕ ಲೇಪ ಎರಡೂ ಬೇಕು. ಜ್ವರ ಬಂದರೆ ಪ್ಯಾರಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆಯನ್ನು ತಾವಾಗಿ ನುಂಗದೆ ವೈದ್ಯರನ್ನು ಕಾಣಬೇಕು. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೂ ಪ್ರಯಾಣದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಮಾತು. ಪ್ರವಾಸಿಗರಿಗೆ ಅಲ್ಲಿಯ ಸರ್ಕಾರಿ ಸಹಾಯಧನ ಸಿಗದು; ಆಸ್ಪತ್ರೆಯ ವೆಚ್ಚ ಬಹಳ ದುಬಾರಿ. ಇದನ್ನು ಬಲ್ಲ ಹಿರಿಯರು, ಮಕ್ಕಳಿಗೆ ಹೊರೆಯಾಗಬಾರದೆಂದು ಎದೆನೋವನ್ನೂ ಕಾಲಿನ ಹುಣ್ಣನ್ನೂ ಮುಚ್ಚಿಟ್ಟುಕೊಂಡು, ಊರಿಗೆ ಹೋದಮೇಲೆ ತೋರಿಸಿದರಾಯಿತೆಂದು ದಿನ ಎಣಿಸುತ್ತಾರೆ. ಬಾಣಂತಿಯ ಆರೈಕೆಯಲ್ಲಿ ಮುಳುಗಿದ ತಾಯಿ ತನ್ನ ಮಾತ್ರೆಯನ್ನೇ ಮರೆಯುತ್ತಾಳೆ. ಮೊದಲ ದಿನ ಚಿಕಿತ್ಸೆಗೆ ಬಗ್ಗುವ ರೋಗ ಹತ್ತನೆಯ ದಿನಕ್ಕೆ ಬಗ್ಗದು. ಮುಚ್ಚಿಟ್ಟ ಕಾಯಿಲೆಯೇ ಕಡೆಗೆ ಮಕ್ಕಳಿಗೆ ಹೆಚ್ಚಿನ ಹೊರೆಯಾಗುತ್ತದೆ. ಆದಕಾರಣ ಟಿಕೆಟ್ಟಿನೊಂದಿಗೇ ಪ್ರಯಾಣ ವಿಮೆ ಮಾಡಿಸಬೇಕು. ಇರುವ ಕಾಯಿಲೆಗಳನ್ನು ಅದರಲ್ಲಿ ಮರೆಮಾಚದೆ ನಮೂದಿಸಬೇಕು. ಹಳೆಯ ಕಾಯಿಲೆಗೂ ಅದು ಅನ್ವಯಿಸುವುದೇ ಎಂದು ಕೇಳಿ ತಿಳಿಯಬೇಕು.

ಮಕ್ಕಳಿಗೂ ನಮ್ಮದೊಂದು ಬಿನ್ನಹ. ‘ಹೇಗಿದ್ದೀರಿ’ ಎಂದರೆ ಹಿರಿಯರು ‘ಚೆನ್ನಾಗಿದ್ದೇವೆ’ ಎಂದೇ ಹೇಳುವರು. ಮಾತ್ರೆಯ ಡಬ್ಬಿಯನ್ನು ನೀವೇ ನೋಡಿ, ಪಾದಗಳನ್ನು ನೀವೇ ಪರೀಕ್ಷಿಸಿ, ವಾರಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ ಅಳೆಯಿರಿ. ನೀವು ಬರುವುದು ತಡವಾಗುವ ದಿನ, ಮೊದಲು ಉಂಡುಬಿಡಿರೆಂದು ಮರೆಯದೆ ಫೋನ್ ಮಾಡಿರಿ.